ಚುರುಕು ಬುದ್ಧಿಯ ಮಗುವೂ ಮನೆಯ ಕಾಯಕವೂ

ಮನೆಯಲ್ಲಿ ಚುರುಕು ಬುದ್ಧಿಯ ಮಗುವೊಂದು ಬೆಳೆಯುತ್ತಿರುವುದನ್ನು ಕಂಡಾಗ ತಾಯಿತಂದೆಗಳಿಗೆ ಉಂಟಾಗುವ ಆನಂದವು ಸಹಜವಾದುದು. ನಾಲ್ಕು ವರ್ಷ ತುಂಬುವಷ್ಟರಲ್ಲಿಯೇ ಅಕ್ಷರಗಳನ್ನು ಗುರುತಿಸುವ, ಬಸ್ಸಿನ ಮೇಲಿನ ಅಂಕಿಗಳನ್ನು ಓದುವ, ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುವ, ಉತ್ತರ ಕೊಟ್ಟಷ್ಟೂ ಮತ್ತೊಂದು ಪ್ರಶ್ನೆಯನ್ನು ಕೇಳುವ ಮಕ್ಕಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ಈ ಆನಂದದ ಬೆನ್ನಿಗೇ ಒಂದು ಚಿಂತೆಯೂ ಬರುತ್ತದೆ. ವರಮಾನವು ಅಲ್ಪವಾಗಿರುವ ಮನೆಯಲ್ಲಿ ಇಂತಹ ಮಗುವಿಗೆ ತಕ್ಕ ಕಲಿಕೆಯನ್ನು ಒದಗಿಸುವುದು ಹೇಗೆ? ಅಂಗಡಿಗಳಲ್ಲಿ ಸಾವಿರಾರು ರೂಪಾಯಿ ಬೆಲೆಯ ಆಟದ ಸಾಮಾನುಗಳಿವೆ. ಮೊಬೈಲಿನಲ್ಲಿ ತಿಂಗಳಿಗೆ ಇಷ್ಟೆಂದು ಹಣ ಕೇಳುವ ಪಾಠಗಳಿವೆ. ಇವನ್ನು ಕೊಡಿಸಲಾರದ ತಾಯಿಯು, ತಮ್ಮ ಬಡತನದಿಂದ ಮಗುವಿನ ಬುದ್ಧಿಯು ಮುರುಟಿಹೋದೀತೆಂದು ಮರುಗುತ್ತಾಳೆ. ಸಾಲ ಮಾಡಿಯಾದರೂ ತಂದುಕೊಡುವೆನೆಂದು ತಂದೆಯು ಹೊರಡುತ್ತಾನೆ. ಈ ಮರುಕವೂ ಈ ಸಾಲವೂ ಅನಾವಶ್ಯಕವೆಂಬುದನ್ನು ಶರಣತತ್ತ್ವದ ಬೆಳಕಿನಲ್ಲಿ ವಿಚಾರಿಸುವುದೇ ಈ ಪಾಠದ ಉದ್ದೇಶ.

1. ಬುದ್ಧಿಯೂ ಪ್ರಸಾದವೇ

ಅಷ್ಟಾವರಣಗಳಲ್ಲಿ ಪ್ರಸಾದವು ಒಂದು. ದೊರೆತುದನ್ನು ನನ್ನದೆಂದು ಭೋಗಿಸದೆ, ಲಿಂಗಕ್ಕೆ ಅರ್ಪಿಸಿ, ಅದರ ಕೃಪೆಯೆಂದು ಸ್ವೀಕರಿಸಿದಾಗ ಪದಾರ್ಥವು ಪ್ರಸಾದವಾಗುತ್ತದೆ. ಅನ್ನಕ್ಕೆ ಸಲ್ಲುವ ಈ ಮಾತು ಬುದ್ಧಿಗೂ ಸಲ್ಲುತ್ತದೆ. ಮಗುವಿನ ಚುರುಕುತನವನ್ನು ತಾಯಿತಂದೆಗಳು ಸಂಪಾದಿಸಿದುದಲ್ಲ, ಮಗುವೂ ಸಂಪಾದಿಸಿದುದಲ್ಲ, ಅದು ಬಂದುದು. ಬಂದುದನ್ನು ನೆರೆಹೊರೆಯವರ ಮುಂದೆ ಮೆರೆಸಿದರೆ ಅದು ಪದಾರ್ಥವಾಗಿಯೇ ಉಳಿಯುತ್ತದೆ. ದುಡಿಮೆಯಲ್ಲಿ ತೊಡಗಿಸಿ, ಇತರರಿಗೆ ಸಲ್ಲಿಸಿದರೆ ಪ್ರಸಾದವಾಗುತ್ತದೆ.

ಈ ಸಂದರ್ಭದಲ್ಲಿ ಇಬ್ಬರು ಶರಣರ ಬಾಲ್ಯವನ್ನು ನೆನೆಯಬಹುದು. ಚೆನ್ನಬಸವಣ್ಣನವರು ಅಕ್ಕನಾಗಮ್ಮನವರ ಮಗ, ಬಸವಣ್ಣನವರ ಸೋದರಳಿಯ. ಎಳೆಯ ವಯಸ್ಸಿನಲ್ಲಿಯೇ ಷಟ್‌ಸ್ಥಲದ ಮರ್ಮವನ್ನು ಅರಿತ ಅವರನ್ನು ಪರಂಪರೆಯು ಅವಿರಳಜ್ಞಾನಿಯೆಂದು ಕರೆದಿದೆ. ತಮಗಿಂತ ಹಿರಿಯರಾದ ಸಿದ್ಧರಾಮರಿಗೆ ಅವರು ಇಷ್ಟಲಿಂಗದೀಕ್ಷೆಯನ್ನು ಕೊಟ್ಟ ಪ್ರಸಂಗವು ಶೂನ್ಯಸಂಪಾದನೆಯ ಪರಂಪರೆಯಲ್ಲಿ ಬರುತ್ತದೆ. ಅದೇ ಸಿದ್ಧರಾಮರ ಬಾಲ್ಯವಾದರೋ ಬೇರೆಯ ಬಗೆಯದು. ರಾಘವಾಂಕನ ಸಿದ್ಧರಾಮ ಚಾರಿತ್ರದಲ್ಲಿ ಅವರು ಮಾತಿಲ್ಲದ ಮುಗ್ಧ ಬಾಲಕ, ಕರುಗಳನ್ನು ಕಾಯಲು ಹೋಗುವವನು. ಆ ಬಾಲಕನೇ ಮುಂದೆ ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಮಹಾಕರ್ಮಯೋಗಿಯಾದನು. ಒಬ್ಬರ ಅರಿವು ಮಾತಿನಲ್ಲಿ ಬೇಗನೆ ತೋರಿತು. ಮತ್ತೊಬ್ಬರ ಅರಿವು ಮೌನದಲ್ಲಿ ಬೆಳೆದು ಕೆಲಸದಲ್ಲಿ ತೋರಿತು. ಆದುದರಿಂದ ಪಟಪಟನೆ ಮಾತನಾಡುವ ಮಗುವೊಂದೇ ಜಾಣಮಗುವೆಂದು ಎಣಿಸಲಾಗದು. ಇರುವೆಯ ಸಾಲನ್ನು ಅರ್ಧ ಗಂಟೆ ನೋಡುತ್ತ ಕುಳಿತ ಮಗುವೂ ಕಲಿಯುತ್ತಲೇ ಇರುತ್ತದೆ.

2. ಅಡುಗೆಮನೆಯ ಪಾಠ

ಶರಣರು ಜ್ಞಾನವನ್ನು ದುಡಿಮೆಯಿಂದ ಬೇರ್ಪಡಿಸಲಿಲ್ಲ. ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗವನ್ನು ಹೊಸೆಯುತ್ತಿದ್ದರು. ಮೇದಾರ ಕೇತಯ್ಯನವರು ಬಿದಿರಿನ ಬುಟ್ಟಿಯನ್ನು ಹೆಣೆಯುತ್ತಿದ್ದರು. ಅಂಬಿಗರ ಚೌಡಯ್ಯನವರು ದೋಣಿಯನ್ನು ನಡೆಸುತ್ತಿದ್ದರು. ಇವರೆಲ್ಲರಿಗೂ ತಮ್ಮ ಕಾಯಕದ ಉಪಕರಣವೇ ತತ್ತ್ವದ ಉಪಮಾನವಾಯಿತು. ಕೈ ಮಾಡಿದುದನ್ನು ಮನಸ್ಸು ಬೇಗ ಹಿಡಿಯುತ್ತದೆಂಬುದಕ್ಕೆ ವಚನಸಾಹಿತ್ಯಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಮ್ಮ ಮಗುವಿಗೂ ಮೊದಲ ಪಾಠಶಾಲೆಯು ಕಾಯಕ ನಡೆಯುವ ಸ್ಥಳವೇ.

ಅಳತೆಯಿಂದ ಆರಂಭಿಸಬಹುದು. ಮನೆಯಲ್ಲಿ ಹಳೆಯ ಪಾವು, ಸೇರುಗಳಿದ್ದರೆ ಅವನ್ನು ತೆಗೆದುಕೊಡಿರಿ; ಇಲ್ಲದಿದ್ದರೆ ಲೋಟ, ಚೊಂಬುಗಳು ಸಾಕು. ನಾಲ್ಕು ಪಾವು ಸೇರಿದರೆ ಒಂದು ಸೇರು, ಎರಡು ಪಾವು ಸೇರಿದರೆ ಅಚ್ಚೇರು ಎಂಬುದನ್ನು ಮಗುವು ಅಕ್ಕಿಯನ್ನು ಸುರಿದು ಸುರಿದು ತಾನೇ ಕಂಡುಕೊಳ್ಳಲಿ. ಕಾಲು, ಅರೆ, ಮುಕ್ಕಾಲು ಎಂಬ ಮಾತುಗಳು ಮಗ್ಗಿಯ ಪುಸ್ತಕದಲ್ಲಿ ಬರುವ ಮೊದಲೇ ಕೈಯಲ್ಲಿ ಬಂದಿರುತ್ತವೆ. ಹೀಗೆ ಕಲಿತ ಭಿನ್ನರಾಶಿಯು ಮರೆಯುವುದಿಲ್ಲ.

ಎರಡು ತೆಂಗಿನ ಕರಟ, ಒಂದು ನೆಟ್ಟನೆಯ ಕೋಲು, ತುಂಡು ಹುರಿ ಇದ್ದರೆ ತಕ್ಕಡಿಯಾಯಿತು. ನೀರಿನ ಗುಣವೊಂದು ಇಲ್ಲಿ ನೆರವಿಗೆ ಬರುತ್ತದೆ: 100 ಮಿಲಿಲೀಟರು ನೀರಿನ ತೂಕವು 100 ಗ್ರಾಂ. ಔಷಧದ ಅಳತೆಯ ಮುಚ್ಚಳದಿಂದ ನೀರನ್ನು ಅಳೆದು ಹಗುರವಾದ ಚೀಲಕ್ಕೆ ಹಾಕಿ ಕಟ್ಟಿದರೆ ತೂಕದ ಕಲ್ಲು ಸಿದ್ಧವಾಯಿತು. ಒಂದು ಬದನೆಕಾಯಿಗೆ ಎಷ್ಟು ಹುಣಿಸೆಬೀಜ ಸಮ, ಒಂದು ನಿಂಬೆಹಣ್ಣಿಗೆ ಎಷ್ಟು ಎಂದು ಮೊದಲು ಊಹಿಸಿ, ಅನಂತರ ತೂಗಿ ನೋಡಲಿ. ಊಹೆಯನ್ನು ಬರೆದಿಡುವುದು ಮುಖ್ಯ. ಊಹೆಗೂ ನಿಜಕ್ಕೂ ಇರುವ ಅಂತರವನ್ನು ನೋಡುವುದರಲ್ಲಿಯೇ ಅರಿವಿನ ಮೊದಲ ಹೆಜ್ಜೆಯಿದೆ.

ಅರಿಸಿನ ಕದಡಿದ ನೀರಿಗೆ ಒಂದಿಷ್ಟು ಸುಣ್ಣವನ್ನು ಸೇರಿಸಿದರೆ ಅದು ಕೆಂಪಾಗುತ್ತದೆ. ಆರತಿಯ ತಟ್ಟೆಯ ಓಕುಳಿಯು ಇದೇ. ಆ ಕೆಂಪು ನೀರಿಗೆ ನಿಂಬೆಯ ರಸವನ್ನು ಹಿಂಡಿದರೆ ಅದು ಮತ್ತೆ ಹಳದಿಯಾಗುತ್ತದೆ. ಕ್ಷಾರವು ಅರಿಸಿನವನ್ನು ಕೆಂಪಾಗಿಸುತ್ತದೆ, ಆಮ್ಲವು ಕ್ಷಾರವನ್ನು ಅಡಗಿಸುತ್ತದೆ. ಇದನ್ನು ಕಂಡ ಮಗುವು ಹುಣಿಸೆಯ ನೀರು, ಮಜ್ಜಿಗೆ, ಸೋಪಿನ ನೀರು ಏನು ಮಾಡುತ್ತವೆಂದು ತಾನಾಗಿಯೇ ಕೇಳುವುದು. ಒಂದೊಂದನ್ನೂ ಬೇರೆ ಬೇರೆ ಬಟ್ಟಲಿನಲ್ಲಿ ಪರೀಕ್ಷಿಸಿ ಪಟ್ಟಿ ಮಾಡಲಿ. ಸುಣ್ಣವು ಕಣ್ಣಿಗೆ ಅಪಾಯಕರವಾದುದರಿಂದ ಅದನ್ನು ಹಿರಿಯರೇ ಹಾಕತಕ್ಕದ್ದು.

ಹೆಸರುಕಾಳಿನ ಪರೀಕ್ಷೆಯೂ ಇಂತಹುದೇ. ನಾಲ್ಕು ಬಟ್ಟಲುಗಳಲ್ಲಿ ಹತ್ತು ಹತ್ತು ಕಾಳು. ಒಂದರಲ್ಲಿ ಒಣಕಾಳು, ಒಂದರಲ್ಲಿ ಒದ್ದೆ ಬಟ್ಟೆಯ ಮೇಲೆ ಬೆಳಕಿನಲ್ಲಿ, ಒಂದರಲ್ಲಿ ಒದ್ದೆ ಬಟ್ಟೆಯ ಮೇಲೆ ಕತ್ತಲೆಯಲ್ಲಿ, ಒಂದರಲ್ಲಿ ನೀರಿನೊಳಗೆ ಮುಳುಗಿಸಿ. ಪ್ರತಿದಿನವೂ ನೋಡಿ ಚಿತ್ರ ಬರೆಯಲಿ. ಕತ್ತಲೆಯ ಮೊಳಕೆಯು ಉದ್ದವಾಗಿ, ಬಿಳಿಚಿಕೊಂಡು ಏಕೆ ಬೆಳೆಯಿತು? ಉತ್ತರವನ್ನು ಕೂಡಲೇ ಹೇಳಬೇಡಿರಿ. ಎರಡು ಬಟ್ಟಲುಗಳ ನಡುವೆ ಒಂದೇ ಒಂದು ವ್ಯತ್ಯಾಸವಿದ್ದರೆ ಮಾತ್ರ ಕಾರಣವು ತಿಳಿಯುತ್ತದೆಂಬುದನ್ನು ಮಗುವು ಅರಿತರೆ ಸಾಕು. ವಿಜ್ಞಾನದ ಮೂಲತತ್ತ್ವವೇ ಅದು.

3. ಅಂಗಳದ ಪಾಠ

ಬೆಳಗಿನ ರಂಗೋಲಿಯು ಗಣಿತದ ಹಲಗೆಯೇ ಆಗಿದೆ. ಒಂದು, ಮೂರು, ಐದು, ಏಳು ಎಂದು ಚುಕ್ಕೆಗಳ ಸಾಲುಗಳನ್ನಿಟ್ಟು ಎಣಿಸಲು ಹೇಳಿರಿ. 1ಕ್ಕೆ 3 ಸೇರಿದರೆ 4. ಅದಕ್ಕೆ 5 ಸೇರಿದರೆ 9. ಅದಕ್ಕೆ 7 ಸೇರಿದರೆ 16. ಈ ಸಂಖ್ಯೆಗಳಷ್ಟು ಹುಣಿಸೆಬೀಜಗಳನ್ನು ಚೌಕವಾಗಿ ಜೋಡಿಸಲು ಬರುವುದೆ? ಎರಡೆರಡರ ಎರಡು ಸಾಲು, ಮೂರು ಮೂರರ ಮೂರು ಸಾಲು, ನಾಲ್ಕು ನಾಲ್ಕರ ನಾಲ್ಕು ಸಾಲು. ಬೆಸಸಂಖ್ಯೆಗಳನ್ನು ಕ್ರಮವಾಗಿ ಕೂಡಿದರೆ ವರ್ಗಸಂಖ್ಯೆಯು ಬರುತ್ತದೆಂಬ ಸತ್ಯವನ್ನು ಐದಾರು ವರ್ಷದ ಮಗುವು ತನ್ನ ಬೆರಳ ತುದಿಯಲ್ಲಿಯೇ ಕಾಣಬಲ್ಲುದು.

ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಹರಳನ್ನಿಡಲು ಹೇಳಿರಿ. ನೆರಳು ಅತಿ ಚಿಕ್ಕದಾಗಿರುವಾಗ ಅದು ಉತ್ತರ ದಕ್ಷಿಣ ದಿಕ್ಕನ್ನು ತೋರಿಸುತ್ತದೆ. ಬೆಂಗಳೂರಿನಲ್ಲಿ ಹೀಗಾಗುವುದು ಗಡಿಯಾರದ 12 ಗಂಟೆಗಲ್ಲ, ಸರಾಸರಿ 12 ಗಂಟೆ 20 ನಿಮಿಷಕ್ಕೆ. ಭಾರತದ ಗಡಿಯಾರವು 82½ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಬೆಂಗಳೂರು ಅದಕ್ಕೆ ಸುಮಾರು 5 ಡಿಗ್ರಿ ಪಶ್ಚಿಮದಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷಗಳ ಅಂತರ. ಇನ್ನೊಂದು ವಿಶೇಷವೂ ಉಂಟು. ನಮ್ಮ ನಾಡಿನ ಎಲ್ಲ ಊರುಗಳಲ್ಲಿಯೂ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲೆ ಬಂದು, ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಬೆಂಗಳೂರಿನಲ್ಲಿ ಆ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತವೆ. ಆ ಎರಡು ದಿನಗಳ ನಡುವಣ ಅವಧಿಯಲ್ಲಿ ನಡುಹಗಲ ನೆರಳು ಉತ್ತರಕ್ಕೆ ಬೀಳದೆ ದಕ್ಷಿಣಕ್ಕೆ ಬೀಳುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಮಗುವಿಗೆ ಮೊದಲೇ ಕಟ್ಟುನಿಟ್ಟಾಗಿ ಹೇಳಿರಬೇಕು. ನೋಡತಕ್ಕುದು ನೆರಳನ್ನು ಮಾತ್ರ.

ರಾತ್ರಿಯಾದರೆ ಚಂದ್ರನಿದ್ದಾನೆ. ಅಮಾವಾಸ್ಯೆಯ ಮರುದಿನದಿಂದ ಪ್ರತಿಸಂಜೆಯೂ ಚಂದ್ರನ ಆಕಾರವನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟರೆ, ತಿಂಗಳು ಎಂಬ ಮಾತಿಗೆ ಚಂದ್ರನೆಂಬ ಅರ್ಥವೂ ಏಕಿದೆಯೆಂಬುದು ತಾನಾಗಿಯೇ ಹೊಳೆಯುವುದು.

4. ಆಟದ ಪಾಠ

ನಮ್ಮ ಹಿರಿಯರು ಬಿಟ್ಟುಹೋದ ಆಟಗಳು ಮಳೆಗಾಲದ ಸಂಜೆಗೆ ಒದಗಿದ ಗಣಿತಶಾಲೆಗಳು. ಅಳಗುಳಿಮನೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು. ಗುಳಿಗೆ ನಾಲ್ಕರಂತೆ ಬೀಜಗಳನ್ನಿಟ್ಟರೆ ಎಷ್ಟಾಯಿತು? 56. ಐದರಂತೆ ಇಟ್ಟರೆ? 70. ಹಲಗೆ ಇಲ್ಲದಿದ್ದರೆ ಮಣ್ಣಿನಲ್ಲಿ ಗುಳಿಗಳನ್ನು ತೋಡಬಹುದು. ಕೊನೆಯ ಬೀಜವು ಎಲ್ಲಿ ಬೀಳುವುದೆಂಬುದನ್ನು ಮೊದಲೇ ಮನಸ್ಸಿನಲ್ಲಿ ಎಣಿಸಿಕೊಂಡು ಆಡುವ ಅಭ್ಯಾಸವು ದೂರದೃಷ್ಟಿಯನ್ನು ಬೆಳೆಸುತ್ತದೆ.

ಚೌಕಾಬಾರದ ಮನೆಯಲ್ಲಿ ಐದೈದರ ಐದು ಸಾಲು, ಒಟ್ಟು 25 ಚೌಕಗಳು. ನಾಲ್ಕು ಕವಡೆಗಳು ಹೇಗೆ ಹೇಗೆ ಬೀಳಬಹುದೆಂಬುದನ್ನು ವಿಚಾರಿಸಲು ನಾಲ್ಕು ನಾಣ್ಯಗಳನ್ನು ತೆಗೆದುಕೊಳ್ಳಿರಿ. ಅವು ಬೀಳುವ ಬಗೆಗಳು ಒಟ್ಟು 16. ನಾಲ್ಕೂ ಮೇಲ್ಮುಖವಾಗಿಯೇ ಬೀಳುವುದು ಅವುಗಳಲ್ಲಿ ಒಂದೇ ಬಗೆ. ಎರಡು ಮೇಲೆ, ಎರಡು ಕೆಳಗೆ ಬೀಳುವುದು ಆರು ಬಗೆ. ಆದುದರಿಂದಲೇ ಎರಡು ಮತ್ತೆ ಮತ್ತೆ ಬರುತ್ತದೆ, ನಾಲ್ಕು ಅಪರೂಪ. ಮಗುವು 50 ಸಲ ಎಸೆದು ಗೀರು ಹಾಕಿ ಎಣಿಸಲಿ. ಅದೃಷ್ಟವೆಂದು ಜನರು ಹೇಳುವುದರ ಹಿಂದೆಯೂ ಒಂದು ಲೆಕ್ಕವಿದೆಯೆಂದು ತಿಳಿದ ಮಗುವು ಶಕುನಗಳಿಗೂ ಜೂಜಿಗೂ ಮರುಳಾಗುವುದು ಕಡಮೆ. ಬೀಜ, ನಾಣ್ಯ, ಹರಳುಗಳನ್ನು ತೀರ ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಎತ್ತಿಡುವುದನ್ನು ಮಾತ್ರ ಮರೆಯಬಾರದು. ಅವು ಬಾಯಿಗೂ ಮೂಗಿಗೂ ಹೋಗುವ ವಸ್ತುಗಳು.

5. ಮಾತಿನ ಪಾಠ

ಮೊರದಲ್ಲಿ ಹರಡಿದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದು ಹಳೆಯ ಪದ್ಧತಿಯಾದರೂ ಇಂದಿಗೂ ಒಳ್ಳೆಯದೇ. ಅದಕ್ಕಿಂತಲೂ ಫಲಕಾರಿಯಾದ ಒಂದು ವಿಧಾನವಿದೆ. ಮಗುವು ಹೇಳಿದ ಮಾತನ್ನು ಹಿರಿಯರು ಹಾಗೆಯೇ ನೋಟುಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆಯುವುದು. ಅದನ್ನು ಮಗುವಿಗೆ ಓದಿಸುವುದು. ತನ್ನ ಮಾತೇ ಬರಹವಾಗಿ ತನ್ನೆದುರಿಗೆ ಬಂದಾಗ ಓದುವ ಆಸೆಯು ಇಮ್ಮಡಿಯಾಗುತ್ತದೆ. ಅಜ್ಜಿಯ ಒಗಟುಗಳನ್ನು ಕೇಳಿಸಿ, ಮಗುವಿನಿಂದಲೇ ಹೊಸ ಒಗಟನ್ನು ಕಟ್ಟಿಸುವುದು ಮತ್ತೊಂದು ಅಭ್ಯಾಸ.

ವಾರಕ್ಕೆ ಒಂದು ಚಿಕ್ಕ ವಚನ ಸಾಕು. ಗಿಳಿಪಾಠವಾಗಿ ಐವತ್ತು ವಚನಗಳನ್ನು ಒಪ್ಪಿಸುವುದಕ್ಕಿಂತ, ಒಂದು ವಚನದ ಅರ್ಥವನ್ನು ತನ್ನ ಮಾತಿನಲ್ಲಿ ಹೇಳುವುದು ಮೇಲು. ಮಗುವಿನ ಅರ್ಥವು ನಮ್ಮ ಅರ್ಥಕ್ಕೆ ಹೊಂದದಿದ್ದರೆ ನಗಬಾರದು. ಹಾಗೇಕೆ ತೋರಿತೆಂದು ಕೇಳಬೇಕು. ಇಂದು ವಚನಗಳು ಅಚ್ಚಿನಲ್ಲಿ ಸುಲಭವಾಗಿ ದೊರೆಯುವುದಕ್ಕೆ ಫ. ಗು. ಹಳಕಟ್ಟಿಯವರಂತಹವರ (1880–1964) ತ್ಯಾಗವು ಕಾರಣ. ತಾಳೆಯೋಲೆಗಳನ್ನು ಮನೆಮನೆಯಲ್ಲಿ ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ಅವರ ಕಥೆಯನ್ನೂ ಮಗುವಿಗೆ ಹೇಳಿರಿ. ಹಣ ಕೊಟ್ಟು ಪುಸ್ತಕಗಳನ್ನು ಕೊಳ್ಳಲಾಗದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ವಿಚಾರಿಸಬೇಕು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಮಕ್ಕಳನ್ನು ಉಚಿತವಾಗಿ ಅವುಗಳ ಸದಸ್ಯರನ್ನಾಗಿ ಮಾಡಿಕೊಂಡಿತು.

ಇಷ್ಟೆಲ್ಲಕ್ಕೂ ಕೊಳ್ಳಬೇಕಾದುದು ಒಂದು ಸ್ಲೇಟು, ಬಳಪ, ಎರಡು ನೋಟುಪುಸ್ತಕ ಮತ್ತು ಪೆನ್ಸಿಲು ಮಾತ್ರ. ದಿನಕ್ಕೆ ಅರ್ಧ ಗಂಟೆಯ ಸಮಯವನ್ನು ಮಾತ್ರ ಹಿರಿಯರು ಕೊಡಲೇಬೇಕು; ಅದಕ್ಕೆ ಬದಲಾಗಿ ಕೊಡಬಹುದಾದ ವಸ್ತುವು ಯಾವ ಅಂಗಡಿಯಲ್ಲಿಯೂ ಇಲ್ಲ.

6. ಹಿರಿಯರು ಪಾಲಿಸಬೇಕಾದ ನಿಯಮಗಳು

ಮೊದಲನೆಯದು, ಪ್ರಶ್ನೆಯನ್ನು ಅಡಗಿಸಬಾರದು. ಅನುಭವ ಮಂಟಪವು ಪ್ರಶ್ನೆಯನ್ನು ಗೌರವಿಸಿದ ಸಭೆ. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಪ್ರಶ್ನೆಗಳಿಂದಲೇ ಅವರನ್ನು ಎದುರುಗೊಂಡರು. ಅವರ ಉತ್ತರಗಳನ್ನು ಶರಣರೆಲ್ಲರೂ ಆಲಿಸಿದರು. ಬಡತನವು ಮಗುವಿನ ಬುದ್ಧಿಯನ್ನು ಮುರುಟಿಸುವುದಕ್ಕಿಂತ ಹೆಚ್ಚಾಗಿ, ‘ಸುಮ್ಮನಿರು’ ಎಂಬ ಮಾತು ಮುರುಟಿಸುತ್ತದೆ. ಉತ್ತರವು ತಿಳಿಯದಿದ್ದರೆ, ಇಬ್ಬರೂ ಸೇರಿ ಹುಡುಕೋಣವೆಂದರೆ ಸಾಕು.

ಎರಡನೆಯದು, ಹೊಗಳಿಕೆಯಲ್ಲಿ ಎಚ್ಚರವಿರಬೇಕು. ಹೊಗಳಿಕೆಯನ್ನು ಹೊನ್ನಿನ ಶೂಲಕ್ಕೆ ಹೋಲಿಸಿದ ಬಸವಣ್ಣನವರ ಎಚ್ಚರಿಕೆಯು ನಮಗೆ ತಿಳಿದುದೇ ಆಗಿದೆ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಅಮೆರಿಕದ ವಿದುಷಿಯರು ಪ್ರಕಟಿಸಿದ ಅಧ್ಯಯನವೂ ಈ ದಿಕ್ಕಿನಲ್ಲಿಯೇ ಸಾಗಿದೆ. ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳು ಸೋಲು ಬಂದಾಗ ಬೇಗ ಕೈಬಿಟ್ಟರು. ಶ್ರಮವನ್ನು ಹೊಗಳಿಸಿಕೊಂಡ ಮಕ್ಕಳು ಮುಂದುವರಿದರು. ಬಂದ ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ಮಗ್ಗಿಯನ್ನು ಒಪ್ಪಿಸುವ ರೂಢಿಯನ್ನು ಬಿಡುವುದು ಲೇಸು.

ಮೂರನೆಯದು, ಮಗುವು ಮಗುವೇ ಎಂಬುದನ್ನು ಮರೆಯಬಾರದು. ಎಂಟು ವರ್ಷದವನಂತೆ ಲೆಕ್ಕ ಮಾಡುವ ಮಗುವು, ಬಳಪ ಮುರಿದರೆ ನಾಲ್ಕು ವರ್ಷದವನಂತೆಯೇ ಅಳುತ್ತದೆ. ಅದು ತಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆಯನ್ನೂ, ಕುಳಿತು ಪರದೆ ನೋಡುವುದಕ್ಕೆ ಒಂದು ಗಂಟೆಗೆ ಮೀರದ ಮಿತಿಯನ್ನೂ ಹೇಳಿದೆ. ಆಡಿ ದಣಿದು, ಉಂಡು ಮಲಗುವುದೂ ಕಲಿಕೆಯ ಅಂಗವೇ.

ನಾಲ್ಕನೆಯದು ಬಹು ಮುಖ್ಯವಾದುದು. ಕಾಯಕದ ಹೆಸರಿನಲ್ಲಿ ಮಗುವಿನಿಂದ ದುಡಿಸಿಕೊಳ್ಳಬಾರದು. ಅಕ್ಕಿ ಅಳೆಯುವುದು, ರಂಗೋಲಿ ಹಾಕುವುದು ಹುಡುಗಿಯ ಕೆಲಸ, ನೆರಳು ಅಳೆಯುವುದು ಹುಡುಗನ ಪಾಠ ಎಂದು ಹಂಚಿದರೆ ಈ ಲೇಖನದ ಉದ್ದೇಶವೇ ಕೆಡುತ್ತದೆ. ಚುರುಕಾದ ಹೆಣ್ಣುಮಗುವನ್ನು ಮನೆಗೆಲಸಕ್ಕೆ ಒದಗುವ ಕೈಯೆಂದು ಎಣಿಸಿ, ಚುರುಕಾದ ಗಂಡುಮಗುವಿಗೆ ಮಾತ್ರ ಪುಸ್ತಕವನ್ನು ಕೊಡುವ ಮನೆಯು, ಹೆಣ್ಣು ಗಂಡೆಂಬ ಭೇದವನ್ನು ಅಲ್ಲಗಳೆದ ಶರಣರ ಮನೆಯೆನಿಸಲಾರದು. ಹುಡುಗನೂ ಕಾಳು ಆರಿಸಲಿ. ಹುಡುಗಿಯೂ ಕೋಲು ನೆಡಲಿ. ಬೇಸರ ಬಂದಾಗ ಇಬ್ಬರೂ ಎದ್ದುಹೋಗಲಿ.

7. ಕಲಿತುದು ದಾಸೋಹವಾಗಲಿ

ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿಯಾದ ಲಕ್ಕಮ್ಮನವರು ಅದು ಆಸೆಯ ಫಲವೆಂದು ಎಚ್ಚರಿಸಿ, ಹೆಚ್ಚಿನದನ್ನು ಅಲ್ಲಿಯೇ ಸುರಿದುಬರಲು ಹೇಳಿದರು. ಈ ಕಥೆಯನ್ನು ಚುರುಕು ಬುದ್ಧಿಯ ಮಗುವಿಗೆ ಹೇಳಬೇಕು. ಅದರ ತಾಯಿತಂದೆಗಳೂ ಕೇಳಬೇಕು. ಅಗತ್ಯಕ್ಕಿಂತ ಹೆಚ್ಚಾಗಿ ಬಂದುದು ಅಕ್ಕಿಯಾಗಲಿ, ಬುದ್ಧಿಯಾಗಲಿ, ಕೂಡಿಡುವುದಕ್ಕಲ್ಲ.

ಆದುದರಿಂದ ವಾರಕ್ಕೊಮ್ಮೆ ಮಗುವು ತಾನು ಕಲಿತುದನ್ನು ಮತ್ತೊಂದು ಮಗುವಿಗೆ ಕಲಿಸಲಿ. ನೆರೆಮನೆಯ ಮಗುವಾಗಲಿ, ಪಾಠದಲ್ಲಿ ಹಿಂದೆ ಬಿದ್ದ ಸಹಪಾಠಿಯಾಗಲಿ, ತನ್ನ ತಂಗಿಯಾಗಲಿ. ಕಲಿಸಹೊರಟಾಗ ತನಗೇ ಸರಿಯಾಗಿ ತಿಳಿಯದಿದ್ದುದು ತಿಳಿಯುತ್ತದೆ. ತನಗೆ ಸುಲಭವಾದುದು ಇನ್ನೊಬ್ಬರಿಗೆ ಕಷ್ಟವಾಗಬಹುದೆಂಬ ಅರಿವೂ, ಅವರ ಮೇಲೆ ಮಮತೆಯೂ ಮೂಡುತ್ತದೆ. ಅಹಂಕಾರಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು (1907–2019) ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಸಾವಿರಾರು ಮಕ್ಕಳಿಗೆ ನಡೆಸಿದರು. ಅಕ್ಷರದಾಸೋಹವು ಮಠದ ಅಂಗಳದಲ್ಲಿ ಮಾತ್ರ ನಡೆಯಬೇಕಾದುದಲ್ಲ. ಎರಡು ಮಕ್ಕಳು, ಒಂದು ಸ್ಲೇಟು ಇರುವ ಜಗುಲಿಯಲ್ಲಿಯೂ ನಡೆಯಬಲ್ಲುದು.

ಶಿವಾನುಭವ ಗೋಷ್ಠಿಯಲ್ಲಿ ವಿಚಾರಿಸಬೇಕಾದ ಪ್ರಶ್ನೆಗಳು

1. ಪದಾರ್ಥವು ಪ್ರಸಾದವಾಗುವ ಬಗೆಯನ್ನು ಮಗುವಿನ ಬುದ್ಧಿಗೆ ಅನ್ವಯಿಸಿ ವಿವರಿಸಿರಿ.
2. ಚೆನ್ನಬಸವಣ್ಣನವರ ಮತ್ತು ಸಿದ್ಧರಾಮರ ಬಾಲ್ಯಗಳಿಂದ ತಾಯಿತಂದೆಗಳು ಕಲಿಯತಕ್ಕುದೇನು?
3. ಕಳೆದ ವಾರ ನಿಮ್ಮ ಮನೆಯ ಮಗುವು ಕೇಳಿದ ಯಾವ ಪ್ರಶ್ನೆಗೆ ಉತ್ತರವು ದೊರೆಯಲಿಲ್ಲ? ಅದನ್ನು ಮಗುವಿನೊಡನೆ ಹುಡುಕುವ ಬಗೆ ಹೇಗೆ?
4. ನಿಮ್ಮ ಮನೆಯಲ್ಲಿ ಗಂಡುಮಗುವಿಗೂ ಹೆಣ್ಣುಮಗುವಿಗೂ ಕೆಲಸ, ಓದು, ಬಿಡುವುಗಳು ಸಮನಾಗಿ ದೊರೆಯುತ್ತಿವೆಯೆ?

ಓದುಗರೆಲ್ಲರ ಮನೆಯ ಮಕ್ಕಳಲ್ಲಿ ಅರಿವು ಬೆಳೆಯಲಿ, ಅರಿವಿನೊಡನೆ ಆಚಾರವೂ ಬೆಳೆಯಲಿ.